ಸಿಪ್ಯಾಪ್, ಬೈಪ್ಯಾಪ್ ಮತ್ತು ನನ್ನ ಮೂಗು

ಕುತ್ತಿಗೆಯಲ್ಲಿ ಬೆನ್ನುಹುರಿಗೆ ಪೆಟ್ಟು ಬಿದ್ದವರು ಜೋರಾಗಿ ಗೊರಕೆ ಹೊಡೆದರೆ ಮನೆಯವರಿಗೆ ಸಮಾಧಾನ, ಪಾಪ ನಿದ್ದೆ ಹತ್ತಿದೆ ಎಂದು. ನನ್ನ ಗೊರಕೆ ನಡುನಡುವೆ ಉಸಿರಿನ ಸಮೇತ ನಿಂತುಹೋಗುತ್ತಿತ್ತು. ಬೆಳಗ್ಗೆ ತಲೆನೋವು, ಹಗಲೆಲ್ಲ ಗಾಲಿಕುರ್ಚಿಯಲ್ಲಿ ತೂಕಡಿಕೆ. ನಿದ್ರಾ ಪರೀಕ್ಷೆ ಅದನ್ನು ಸ್ಲೀಪ್ ಆಪ್ನಿಯಾ ಎಂದಿತು. ನನ್ನದು ಸಿ6, ಅಂದರೆ ಕುತ್ತಿಗೆಯ ಆರನೇ ನರದ ಮಟ್ಟದ ಗಾಯ. ಎದೆ, ಹೊಟ್ಟೆಗಳ ನಡುವೆ ಉಸಿರೆಳೆಯುವ ಸ್ನಾಯುವಾದ ವಪೆಯ ನರ ಅದಕ್ಕಿಂತ ಮೇಲೆ, ಸಿ3ರಿಂದ ಸಿ5ರ ಮಟ್ಟದಲ್ಲಿ ಹೊರಡುವುದರಿಂದ ವಪೆ ಉಳಿದಿದೆ. ಪಕ್ಕೆಲುಬಿನ ಮತ್ತು ಹೊಟ್ಟೆಯ ಸ್ನಾಯುಗಳು ಕೈಕೊಟ್ಟಿವೆ.

ಸಿಪ್ಯಾಪ್ ಎಂಬ ಯಂತ್ರ ಮಾಸ್ಕಿನ ಮೂಲಕ ಒಂದೇ ಒತ್ತಡದಲ್ಲಿ ಗಾಳಿ ಊದಿ ಗಂಟಲನ್ನು ತೆರೆದಿಡುತ್ತದೆ. ಗೊರಕೆ ನಿಂತಿತು, ಆದರೆ ಆ ಗಾಳಿಗೆ ಎದುರಾಗಿ ಉಸಿರು ಬಿಡುವುದೇ ದುಡಿಮೆಯಾಯಿತು, ತಲೆನೋವೂ ಪೂರ್ತಿ ಹೋಗಲಿಲ್ಲ. ಇನ್ನೊಂದು ಯಂತ್ರ ಬೈಪ್ಯಾಪ್, ನಾವು ಉಸಿರೆಳೆಯುವಾಗ ಒತ್ತಡ ಏರಿಸಿ, ಬಿಡುವಾಗ ಇಳಿಸುತ್ತದೆ. ಸೋತ ಎದೆಗೆ ಅದು ಹೆಗಲು ಕೊಟ್ಟಂತೆ. ನನಗೆ ಒಗ್ಗಿದ್ದು ಇದೇ. ಬೆಲೆ ಮಾತ್ರ ಬಹಳ ಹೆಚ್ಚು. ಉಸಿರಾಟ ಸಾಲದೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರುವ ತೊಂದರೆ ಇಲ್ಲದವರಿಗೆ ಸಿಪ್ಯಾಪ್ ಸಾಕಾಗಬಹುದು. ಅದನ್ನು ಪರೀಕ್ಷೆ ನೋಡಿದ ವೈದ್ಯರು ಹೇಳಬೇಕು, ಯಂತ್ರ ಮಾರುವವರಲ್ಲ.

ನಿಜವಾದ ಜಗಳ ಮಾಸ್ಕಿನದು. ಕುತ್ತಿಗೆಯ ಗಾಯದಲ್ಲಿ ಮೂಗಿನ ರಕ್ತನಾಳಗಳನ್ನು ಬಿಗಿಹಿಡಿಯುವ ನರಗಳ ಹತೋಟಿ ತಪ್ಪುತ್ತದೆ. ಮಲಗಿದೊಡನೆ ನೆಗಡಿಯಿಲ್ಲದೆಯೂ ಮೂಗು ಕಟ್ಟುತ್ತದೆ. ಹಾಗಾಗಿ ಮೂಗು, ಬಾಯಿ ಎರಡನ್ನೂ ಮುಚ್ಚುವ ಮಾಸ್ಕಿನಲ್ಲಿ ಉಸಿರಾಟ ಸಲೀಸು. ಆದರೆ ಬೆರಳಾಡದವನಿಗೆ ರಾತ್ರಿ ವಾಂತಿಯಾದರೆ? ಮಾಸ್ಕ್ ಕೀಳಲು ಯಾರಾದರೂ ಎದ್ದು ಬರುವಷ್ಟರಲ್ಲಿ ಅದು ಶ್ವಾಸಕೋಶ ಸೇರಿರುತ್ತದೆ. ಆ ಭಯದಲ್ಲಿ ನಿದ್ದೆಯೇ ಬಾರದು. ನಾನು ಉಳಿಸಿಕೊಂಡದ್ದು ಮೂಗಿನ ಮಾಸ್ಕ್. ಅದರ ಪಟ್ಟಿಯ ತುದಿಗೆ ದರ್ಜಿಯಿಂದ ಲಾಡಿಯ ಕುಣಿಕೆ ಹೊಲಿಸಿದ್ದೇನೆ: ಹೆಬ್ಬೆರಳು ತೂರಿಸಿ, ಮಣಿಕಟ್ಟು ಮೇಲೆತ್ತಿ ತೋಳಿನಿಂದ ಎಳೆದರೆ ಕಳಚಿಬರುತ್ತದೆ. ಕಟ್ಟಿದ ಮೂಗಿಗೆ ಉಪ್ಪುನೀರಿನ ಹನಿ, ಜೊತೆಗೆ ಗಾಳಿಯನ್ನು ಬೆಚ್ಚಗೆ ತೇವಗೊಳಿಸುವ ತೊಟ್ಟಿ. ಇನ್ವರ್ಟರಿನ ಬ್ಯಾಟರಿಯನ್ನು ಯಂತ್ರಕ್ಕಿಂತ ಈ ತೊಟ್ಟಿಯೇ ಹೆಚ್ಚು ಕುಡಿಯುತ್ತದೆ; ಕರೆಂಟ್ ಹೋದ ರಾತ್ರಿ ಮೊದಲು ಅದನ್ನೇ ಆರಿಸುತ್ತೇವೆ.

ದಿಂಬು ಪೇರಿಸಿ ಒರಗಿಸಿದರೆ ಒಳ್ಳೆಯದೆಂದು ಬಂದವರೆಲ್ಲ ಹೇಳುತ್ತಾರೆ. ನಮ್ಮಂಥವರಿಗೆ ಲೆಕ್ಕ ತಿರುಗುಮುರುಗು: ಕೂತರೆ ಸಡಿಲ ಹೊಟ್ಟೆ ಮುಂದೆ ಜಾರಿ ವಪೆ ಕೆಳಗಿಳಿಯುತ್ತದೆ, ಉಸಿರೆಳೆಯಲು ಅದಕ್ಕೆ ಬಲ ಸಾಲದು, ಅದಕ್ಕೇ ಹಗಲು ಹೊಟ್ಟೆಪಟ್ಟಿ ಬೇಕು. ರಾತ್ರಿ ನಾನು ಮಟ್ಟಸವಾಗಿ, ಮಗ್ಗುಲಾಗಿ ಮಲಗುತ್ತೇನೆ.

ನಿದ್ದೆಯ ಹಾರ್ಮೋನಾದ ಮೆಲಟೋನಿನ್ ಮಾತ್ರೆಯನ್ನೂ ನೋಡಿದೆ. ಅದನ್ನು ಸ್ರವಿಸುವಂತೆ ಮಾಡುವ ಸಂದೇಶ ಕುತ್ತಿಗೆಯ ಬೆನ್ನುಹುರಿಯ ಮೂಲಕವೇ ಹಾದುಹೋಗಬೇಕು, ನನ್ನಲ್ಲಿ ದಾರಿ ಕಡಿದಿದೆ. ವೈದ್ಯರು ಒಪ್ಪಿಯೇ ಕೊಟ್ಟರು. ಕಣ್ಣು ಬೇಗ ಎಳೆಯುತ್ತದೆ, ಆಪ್ನಿಯಾಕ್ಕೆ ಪ್ರಯೋಜನವಿಲ್ಲ. ಮಂಪರು ತರಿಸುವ ನಿದ್ದೆಮಾತ್ರೆಗಳನ್ನು ಮಾತ್ರ ಅವರು ಬೇಡವೆಂದರು. ಗಂಟಲನ್ನು ಅವು ಇನ್ನಷ್ಟು ಸಡಿಲಿಸಬಲ್ಲವು.