ಬ್ಯಾಂಕಾಕ್‌ಗೆ ಹೋಗುವವರೇ, ಕಾರ್ಡ್ ಮೆಷಿನ್‌ನಲ್ಲಿ ರೂಪಾಯಿ ಬೇಡ ಅನ್ನಿ

ಥಾಯ್ಲೆಂಡ್‌ಗೆ ನಮ್ಮ ಕಡೆಯಿಂದ ತುಂಬ ಜನ ಹೋಗುತ್ತಾರೆ. ನಾವೂ ಹೋಗಿದ್ದೆವು. ಖರ್ಚು ಕಮ್ಮಿಯಾಗಲಿ ಅಂತ ಕರೆನ್ಸಿ ಮಾರ್ಕಪ್ (ವಿದೇಶದ ಖರ್ಚಿನ ಮೇಲೆ ಬ್ಯಾಂಕ್ ಹಾಕುವ ಹೆಚ್ಚುವರಿ ಶುಲ್ಕ) ಇಲ್ಲದ ಕಾರ್ಡನ್ನೇ ಮಾಡಿಸಿಕೊಂಡಿದ್ದೆವು. ಆ ಉಳಿತಾಯವನ್ನು ಒಂದು ಹೋಟೆಲ್ ಕೌಂಟರ್ ಕಿತ್ತುಕೊಂಡಿತು. ಬೇರೆಯವರಿಗೆ ಹೀಗಾಗಬಾರದು ಅಂತ ಬರೆಯುತ್ತಿದ್ದೇನೆ.

ಬಿಲ್ 9,600 ಬಾತ್ (ಥಾಯ್ಲೆಂಡ್‌ನ ಕರೆನ್ಸಿ) ಆಗಿತ್ತು. ಕೌಂಟರಿನವರು ಕಾರ್ಡ್ ತೆಗೆದುಕೊಂಡರು, ಮೆಷಿನ್ ತಮ್ಮ ಕಡೆಗೇ ತಿರುಗಿಸಿಕೊಂಡು ಏನೋ ಒತ್ತಿದರು, ಆಮೇಲೆ ಪಿನ್ ಹಾಕಲು ಕೊಟ್ಟರು. ಚೀಟಿ ಕೈಗೆ ಬಂದಾಗ ನೋಡಿದರೆ ಮೊತ್ತ ರೂಪಾಯಿಯಲ್ಲಿದೆ: 25,050. ಅವತ್ತಿನ ದರ ಬಾತ್‌ಗೆ ಹತ್ತಿರ ಹತ್ತಿರ 2.45 ರೂಪಾಯಿ. ಆ ಲೆಕ್ಕಕ್ಕೆ 23,520 ಆಗಬೇಕಿತ್ತು. ನಮ್ಮನ್ನು ಒಂದು ಮಾತೂ ಕೇಳದೆ 1,500 ರೂಪಾಯಿಗೂ ಜಾಸ್ತಿ ಎಳೆದಿದ್ದರು. ರದ್ದು ಮಾಡಿ ಬಾತ್‌ನಲ್ಲೇ ತೆಗೆದುಕೊಳ್ಳಿ ಅಂದರೆ, ‘ಸಿಸ್ಟಮ್ ತಾನಾಗಿಯೇ ಮಾಡುತ್ತದೆ’ ಅಂದರು. ಅದು ಸುಳ್ಳು. ವೀಸಾ, ಮಾಸ್ಟರ್‌ಕಾರ್ಡ್ ಎರಡರ ನಿಯಮದಲ್ಲೂ ಯಾವ ಕರೆನ್ಸಿ ಅಂತ ಆರಿಸುವ ಹಕ್ಕು ಕಾರ್ಡ್ ಇರುವವರದ್ದು, ಅಂಗಡಿಯವರದ್ದಲ್ಲ.

ಇದಕ್ಕೆ ಡೈನಾಮಿಕ್ ಕರೆನ್ಸಿ ಕನ್ವರ್ಷನ್, ಚಿಕ್ಕದಾಗಿ ಡಿಸಿಸಿ ಅನ್ನುತ್ತಾರೆ. ಬಾತ್‌ನಲ್ಲಿ ಕೊಟ್ಟರೆ ರೂಪಾಯಿಗೆ ಬದಲಾಗುವುದು ವೀಸಾ ಅಥವಾ ಮಾಸ್ಟರ್‌ಕಾರ್ಡ್ ದರದಲ್ಲಿ, ಅದು ಮಾರುಕಟ್ಟೆ ದರಕ್ಕೆ ಹತ್ತಿರವೇ ಇರುತ್ತದೆ. ರೂಪಾಯಿ ಆರಿಸಿದರೆ ದರ ನಿಗದಿ ಮಾಡುವುದು ಆ ಮೆಷಿನ್ ನಡೆಸುವವರು. ಅದರಲ್ಲಿ ಅವರ ಲಾಭ ಸೇರಿರುತ್ತದೆ, ಅಂಗಡಿಗೂ ಪಾಲು ಹೋಗುವುದುಂಟು. ಅದಕ್ಕೇ ಕೌಂಟರಿನವರು ‘ರೂಪಾಯಿಯಲ್ಲಿ ಕೊಟ್ಟರೆ ನಿಮಗೆ ಸುಲಭ’ ಅಂತ ಅಷ್ಟು ಪ್ರೀತಿಯಿಂದ ಹೇಳುವುದು. ಇಷ್ಟಕ್ಕೇ ಮುಗಿಯಲಿಲ್ಲ. ವಿದೇಶದ ಅಂಗಡಿಯಲ್ಲಿ ರೂಪಾಯಿಯಲ್ಲಿ ಕೊಟ್ಟರೆ ನಮ್ಮ ಎಷ್ಟೋ ಬ್ಯಾಂಕುಗಳು 1% ಆಸುಪಾಸು ಬೇರೆ ಶುಲ್ಕ ಹಾಕುತ್ತವೆ, ಅದರ ಮೇಲೆ ಜಿಎಸ್‌ಟಿ. ನಮಗೆ ಅದೂ ಬಿತ್ತು.

ಹಾಗಾಗಿ ಪಿನ್ ಹಾಕುವ ಮುಂಚೆ ಪರದೆ ನೋಡಿ. ಅಲ್ಲಿ ಟಿಎಚ್‌ಬಿ (THB, ಅಂದರೆ ಬಾತ್) ಅಂತ ಇರಬೇಕು. ಐಎನ್‌ಆರ್ (INR, ಅಂದರೆ ರೂಪಾಯಿ) ಅಂತ ಕಂಡರೆ ಪಿನ್ ಹಾಕಬೇಡಿ, ರದ್ದು ಮಾಡಿ ಮತ್ತೆ ಮಾಡಿ ಅನ್ನಿ. ‘ಬಾತ್ ಓನ್ಲಿ’ ಅಂದರೆ ಎಲ್ಲರಿಗೂ ಅರ್ಥವಾಗುತ್ತದೆ. ಅಪ್ಪ ಅಮ್ಮ ಟೂರ್‌ನವರ ಜೊತೆ ತಾವಿಬ್ಬರೇ ಹೋಗುತ್ತಿದ್ದರೆ ದಯವಿಟ್ಟು ಇದೊಂದನ್ನು ಕೂರಿಸಿಕೊಂಡು ಹೇಳಿಕೊಡಿ. ಪಿನ್ ಹಾಕಿ ಅಂದ ತಕ್ಷಣ ಹಾಕಿಬಿಡುವವರು ಅವರೇ ಜಾಸ್ತಿ.

ಎಟಿಎಂನಲ್ಲೂ ಇದೇ ಕಥೆ. ಅಲ್ಲಿ ವಿದೇಶಿ ಕಾರ್ಡಿಗೆ ಪ್ರತಿ ಸಲ 220 ಬಾತ್ ಅಥವಾ ಅದಕ್ಕೂ ಹೆಚ್ಚು ಶುಲ್ಕ ಇದ್ದೇ ಇದೆ, ಆದ್ದರಿಂದ ಚೂರು ಚೂರು ತೆಗೆಯಬೇಡಿ. ಆ ಶುಲ್ಕಕ್ಕೆ ಒಪ್ಪಿದ ಮೇಲೆ ಇನ್ನೊಂದು ಪರದೆ ಬರುತ್ತದೆ, ರೂಪಾಯಿ ದರ ತೋರಿಸಿ ಒಪ್ಪಿಗೆಯೇ ಅಂತ ಕೇಳುತ್ತದೆ. ಅಲ್ಲಿ ‘ವಿತೌಟ್ ಕನ್ವರ್ಷನ್’ ಅಥವಾ ‘ಡಿಕ್ಲೈನ್’ ಒತ್ತಿ. ಬೇಡ ಅಂದರೆ ದುಡ್ಡೇ ಬರುವುದಿಲ್ಲವೇನೋ ಅಂತ ಹೆದರಿಕೆಯಾಗುತ್ತದೆ, ಅಲ್ವಾ? ಬರುತ್ತದೆ. ಬೇಡ ಅಂದದ್ದು ಅವರ ದರಕ್ಕೆ ಮಾತ್ರ.

ನೋಟು ಬದಲಿಸಿಕೊಳ್ಳುವವರು ಬ್ಯಾಂಕಾಕ್‌ನ ಸುವರ್ಣಭೂಮಿ ವಿಮಾನ ನಿಲ್ದಾಣದಲ್ಲಿ ಹೊರಗೆ ಬಂದ ಕೂಡಲೇ ಕಾಣುವ ಕೌಂಟರಿನಲ್ಲಿ ಬದಲಿಸಬೇಡಿ. ಕೆಳಗೆ ರೈಲು ನಿಲ್ದಾಣದ ಹತ್ತಿರ ಇರುವ ಕೌಂಟರುಗಳಲ್ಲಿ ದರ ಸಾಮಾನ್ಯವಾಗಿ ಚೆನ್ನಾಗಿರುತ್ತದೆ.

ಈಗಾಗಲೇ ದುಡ್ಡು ಹೋಗಿದ್ದರೆ ಚೀಟಿ ಬಿಸಾಡಬೇಡಿ. ಅದಕ್ಕೆ ಸಹಿ ಕೇಳಿದರೆ, ಆಯ್ಕೆ ಕೊಡಲಿಲ್ಲ ಅಂತ ಅದರ ಮೇಲೇ ಬರೆದು ಫೋಟೋ ತೆಗೆದುಕೊಳ್ಳಿ. ಬಾತ್‌ನಲ್ಲಿರುವ ಮೂಲ ಬಿಲ್ಲನ್ನೂ ಇಟ್ಟುಕೊಳ್ಳಿ. ಇವೆರಡನ್ನೂ ಸೇರಿಸಿ ನಿಮ್ಮ ಬ್ಯಾಂಕಿಗೆ ಡಿಸ್ಪ್ಯೂಟ್ (ಈ ವಹಿವಾಟಿಗೆ ಆಕ್ಷೇಪಣೆ) ಹಾಕಿ, ತಡ ಮಾಡಬೇಡಿ. ನಾವೂ ಹಾಕಿದ್ದೇವೆ, ಉತ್ತರ ಇನ್ನೂ ಬಂದಿಲ್ಲ.