ಮಳೆ ಮುಗಿಯುವ ಹೊತ್ತಿನ ಸಫಾರಿ: ಸೆರೆಂಗೆಟಿಯೋ, ಮಸಾಯ್ ಮಾರಾವೋ, ಲುವಾಂಗ್ವಾವೋ?

ಕರ್ನಾಟಕದ ಶಾಲೆಗಳ ಬೇಸಿಗೆ ರಜೆ ಮೇ ಕೊನೆಗೆ ಮುಗಿಯುತ್ತದೆ. ಕೆನ್ಯಾ, ತಾಂಜಾನಿಯಾಗಳಲ್ಲಿ ಮಾರ್ಚ್‌ಗೆ ಹಿಡಿದ ದೊಡ್ಡ ಮಳೆ ಬಿಡುವುದೂ ಸುಮಾರು ಆಗಲೇ. ಹಾಗಾಗಿ ಮಕ್ಕಳನ್ನು ಕರೆದುಕೊಂಡು ಹೊರಡುವವರಿಗೆ ಸಿಗುವುದು ಮೇ ಕೊನೆಯ ವಾರ. ಉಳಿದವರು ಜೂನ್ 20ರವರೆಗೂ ಕಾಯಬಹುದು. ಲಾಡ್ಜ್‌ಗಳ ದರ ಇಳಿದಿರುತ್ತದೆ, ಜನ ಕಡಿಮೆ, ಗಾಳಿಯಲ್ಲಿ ದೂಳಿರುವುದಿಲ್ಲ. ಆದರೆ ನೆಲ ಇನ್ನೂ ಹಸಿ. ತಾಂಜಾನಿಯಾದ ಸೆರೆಂಗೆಟಿ, ಕೆನ್ಯಾದ ಮಸಾಯ್ ಮಾರಾ, ಜಾಂಬಿಯಾದ ಲುವಾಂಗ್ವಾ ಮೂರನ್ನೂ ಇದೇ ಹೊತ್ತಿನಲ್ಲಿ ಸುತ್ತಿ ನೋಡಿದ ಮೇಲೆ ಹೇಳುವ ಮಾತಿದು: ಯಾವ ಪ್ರಾಣಿ ಎಲ್ಲಿದೆ ಎಂದು ಕೇಳುವ ಮೊದಲು ಅಲ್ಲಿನ ಮಣ್ಣು ಯಾವುದು ಎಂದು ಕೇಳಿ.

ಗದಗ, ವಿಜಯಪುರದ ಕಡೆಯವರಿಗೆ ಎರೆ ಮಣ್ಣನ್ನು ಪರಿಚಯಿಸಬೇಕಿಲ್ಲ. ಸೆರೆಂಗೆಟಿಯ ಪಶ್ಚಿಮ ಭಾಗ, ಮಾರಾದ ತಾಲೆಕ್ ಸುತ್ತಮುತ್ತ, ಲುವಾಂಗ್ವಾ ಕಣಿವೆಯ ತಗ್ಗು ಎಲ್ಲ ಅಂಥದೇ ಮಣ್ಣು. ಮೇಲೆ ಒಣಗಿ ಬಿರುಕು ಬಿಟ್ಟಂತೆ ಕಂಡರೂ ಒಂದು ಗೇಣು ಕೆಳಗೆ ಅಂಟು ಹಾಗೇ ಇರುತ್ತದೆ. ಅದು ಟೈರಿನ ಕಚ್ಚುಗಳಲ್ಲಿ ತುಂಬಿಕೊಂಡರೆ ಚಕ್ರ ನುಣ್ಣಗಾಗಿ, ನಾಲ್ಕು ಚಕ್ರಕ್ಕೂ ಎಳೆತ ಇರುವ ಗಾಡಿಯೂ ಇದ್ದಲ್ಲೇ ಜಾರುತ್ತದೆ.

ಸೆರೆಂಗೆಟಿ ನಮ್ಮ ಮೊದಲ ಆಯ್ಕೆ. ಫೆಬ್ರುವರಿಯಲ್ಲಿ ದಕ್ಷಿಣದ ಎಂಡುಟು ಬಯಲಿನಲ್ಲಿ ಮರಿ ಹಾಕಿದ ವೈಲ್ಡ್‌ಬೀಸ್ಟ್ ಹಿಂಡುಗಳು ಮೇ ಹೊತ್ತಿಗೆ ಮೋರು ಬಂಡೆಗಳು, ಉದ್ಯಾನದ ನಡುಭಾಗದ ಸೆರೊನೆರಾ ದಾಟಿ, ಪಶ್ಚಿಮಕ್ಕೆ ಚಾಚಿದ ಪಟ್ಟಿಯಾದ ಕಾರಿಡಾರ್‌ನತ್ತ ನಡೆದಿರುತ್ತವೆ. ಹದಿಮೂರು ಲಕ್ಷದಷ್ಟು ವೈಲ್ಡ್‌ಬೀಸ್ಟ್, ಜೊತೆಗೆ ಎರಡು ಲಕ್ಷದಷ್ಟು ಜೀಬ್ರಾ. ಇದು ಅವುಗಳ ಬೆದೆಗಾಲವೂ ಹೌದು. ಗಂಡುಗಳ ಗುಟುರು ಹಗಲೂ ರಾತ್ರಿ ಕೇಳುತ್ತದೆ. ಜೂನ್‌ನಲ್ಲಿ ಗ್ರುಮೆಟಿ ನದಿ ದಾಟುತ್ತವೆ. ಮಾರಾ ನದಿಯ ದಾಟುವಿಕೆಯ ಚಿತ್ರಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇಲ್ಲಿಗೆ ಬರಬೇಡಿ. ಗ್ರುಮೆಟಿ ಚಿಕ್ಕ ನದಿ. ಹಿಂಡು ಹಲವು ಕಡೆ ಚದುರಿ ದಾಟುತ್ತದೆ, ದಾಟುವ ದಿನವನ್ನು ಯಾರೂ ಮೊದಲೇ ಹೇಳಲಾರರು. ಆದರೆ ಭಾರಿ ಮೊಸಳೆಗಳು, ದಡದ ಕಾಡಿನ ಕಪ್ಪುಬಿಳುಪಿನ ಕೊಲೊಬಸ್ ಮಂಗಗಳು ಕಾಣುವುದು ಇಲ್ಲೇ.

ಇಲ್ಲಿನ ದೊಡ್ಡ ಕಿರಿಕಿರಿ ತ್ಸೆತ್ಸೆ ನೊಣ. ಕಾರಿಡಾರ್‌ನ ಪೊದೆಗಾಡಿನಲ್ಲಿ ತೆಳು ಬಟ್ಟೆಯ ಮೇಲಿಂದಲೇ ಕಚ್ಚುತ್ತದೆ, ಸೊಳ್ಳೆಯ ಮುಲಾಮಿಗೆ ಅಷ್ಟಾಗಿ ಬಗ್ಗುವುದಿಲ್ಲ. ನೀಲಿ, ಕಪ್ಪು ಬಣ್ಣ ಕಂಡರೆ ಹುಡುಕಿಕೊಂಡು ಬರುವುದರಿಂದ ಜೀನ್ಸ್ ಮನೆಯಲ್ಲೇ ಬಿಡಿ. ಮಾಸಲು ಹಸಿರು ಅಥವಾ ಖಾಕಿಯ ದಪ್ಪ ಬಟ್ಟೆ ಸಾಕು. ಪೊದೆ ದಟ್ಟವಾದ ಕಡೆ ಗಾಜು, ಮೇಲ್ಚಾವಣಿ ಎರಡನ್ನೂ ಮುಚ್ಚಿಸಿ.

ಹೀಗಾಗಿ ವಾಸ್ತವ್ಯವನ್ನು ಒಡೆಯುವುದು ಒಳ್ಳೆಯದು: ಸೆರೊನೆರಾದಲ್ಲಿ ಮೂರು ರಾತ್ರಿ, ಕಾರಿಡಾರ್‌ನಲ್ಲಿ ಎರಡು. ಮಳೆ ತಡವಾಗಿ ಮುಂದುವರಿದಿದ್ದರೆ ಐದನ್ನೂ ಸೆರೊನೆರಾದಲ್ಲೇ ಕಳೆಯಿರಿ, ನಷ್ಟವೇನಿಲ್ಲ. ಅಲ್ಲಿನ ಸಿಂಹ, ಚಿರತೆಗಳು ವರ್ಷವಿಡೀ ಇರುವಂಥವು. ಹುಲ್ಲು ಸೊಂಟದೆತ್ತರ ಇರುವಾಗ ಬಯಲಿನಲ್ಲಿ ಹುಡುಕುತ್ತಾ ಕೂರಬೇಡಿ. ಸಿಂಹಕ್ಕೆ ಬಂಡೆಗಳ ನೆತ್ತಿ, ಚೀತಾಗೆ ಗೆದ್ದಲ ಹುತ್ತ, ಚಿರತೆಗೆ ಹೊಳೆಸಾಲಿನ ಮರದ ಕೊಂಬೆ ನೋಡಿ.

ಅರುಷಾದಿಂದ ಸೆರೊನೆರಾಕ್ಕೆ ರಸ್ತೆಯಲ್ಲಿ ಏಳೆಂಟು ಗಂಟೆ, ಅದೂ ಗೊರೊಂಗೊರೊ ಸಂರಕ್ಷಿತ ಪ್ರದೇಶದ ಮೂಲಕ. ಎರಡೂ ಕಡೆ ಶುಲ್ಕ 24 ಗಂಟೆಗಳ ಲೆಕ್ಕ. ಹಣ ಕೈಬಿಡುವುದು ಇಲ್ಲೇ: ಮಧ್ಯಾಹ್ನ 2ಕ್ಕೆ ಒಳಬಂದವರು ಕೊನೆಯ ದಿನ 2ರೊಳಗೆ ಸೆರೆಂಗೆಟಿಯ ನಾಬಿ ಗೇಟು ದಾಟಬೇಕು. ಕೆಸರಲ್ಲಿ ಗಾಡಿ ಹೂತು ಎರಡು ಗಂಟೆ ತಡವಾದರೆ ತಲೆಗೆ ಇನ್ನೊಂದು ದಿನದ ಶುಲ್ಕ. ಹೊರಡುವ ದಿನ ಕನಿಷ್ಠ ಮೂರು ಗಂಟೆ ಕೈಯಲ್ಲಿಟ್ಟುಕೊಂಡು ಯೋಜಿಸಿ.

ಮಸಾಯ್ ಮಾರಾ ಸಣ್ಣ ಪ್ರವಾಸಕ್ಕೆ, ಚಿಕ್ಕ ಮಕ್ಕಳಿರುವವರಿಗೆ ಸುಲಭ. ಸೆರೆಂಗೆಟಿ 14,763 ಚದರ ಕಿ.ಮೀ. ಇದ್ದರೆ ಮಾರಾ ಮೀಸಲು ಸುಮಾರು 1,510. ಪ್ರಾಣಿಗಾಗಿ ಓಡುವ ದೂರ ಕಡಿಮೆ. ಮಹಾ ಹಿಂಡು ಈ ಹೊತ್ತಿಗೆ ಇಲ್ಲಿರುವುದಿಲ್ಲ ಎಂದು ತಿಳಿದೇ ಹೋಗಿ. ಸಿಂಹ, ಆನೆ, ಕತ್ತೆಕಿರುಬ, ಜಿರಾಫೆಗಳಿಗೆ ಕೊರತೆಯಿಲ್ಲ. ಮಳೆ ಪೂರ್ತಿ ಬಿಡದಿದ್ದರೆ ಪೂರ್ವದ ತಾಲೆಕ್ ಬದಿ ಬಿಟ್ಟು ಮಾರಾ ನದಿಯ ಆಚೆಗಿನ ಟ್ರಯಾಂಗಲ್ ಎಂಬ ಭಾಗ ಆರಿಸಿಕೊಳ್ಳಿ. ಅಲ್ಲಿ ಗರಸು ಹಾಕಿದ ರಸ್ತೆಗಳನ್ನು ಚೆನ್ನಾಗಿ ನೋಡಿಕೊಳ್ಳುತ್ತಾರೆ.

ಮಾರಾದ ಶುಲ್ಕದಲ್ಲಿ ದಿನಾಂಕಕ್ಕೆ ತುಂಬಾ ಬೆಲೆ. 2024ರಿಂದ ವಿದೇಶಿ ವಯಸ್ಕರಿಗೆ ಜನವರಿಯಿಂದ ಜೂನ್‌ವರೆಗೆ ದಿನಕ್ಕೆ 100 ಡಾಲರ್, ಜುಲೈ 1ರಿಂದ 200. ಟಿಕೆಟ್ ಬೆಳಗಿನ 6ರಿಂದ ಸಂಜೆ 6ರವರೆಗೆ ಮಾತ್ರ. ಮೀಸಲಿನ ಒಳಗೆ ತಂಗಿದವರು ಕೊನೆಯ ದಿನ ಬೆಳಿಗ್ಗೆ 10ರೊಳಗೆ ಹೊರಬೀಳದಿದ್ದರೆ ಇನ್ನೊಂದು ಟಿಕೆಟ್.

ನಕ್ಷೆಯಲ್ಲಿ ಸೆರೆಂಗೆಟಿ, ಮಾರಾ ಒಂದಕ್ಕೊಂದು ತಾಗಿಕೊಂಡಿವೆ ಎಂದು ಎರಡನ್ನೂ ಒಂದೇ ವಾರದಲ್ಲಿ ಸೇರಿಸಲು ಹೋಗಬೇಡಿ. ಪ್ರವಾಸಿಗರು ಕಾಡಿನೊಳಗಿಂದ ಗಡಿ ದಾಟುವಂತಿಲ್ಲ. ಗಡಿಯೂರು ಇಸೆಬಾನಿಯಾ ಸುತ್ತಿ ಬರಬೇಕು. ಅದರಲ್ಲೇ ಒಂದು ದಿನ ಹೋಗುತ್ತದೆ.

ಜಾಂಬಿಯಾದ ದಕ್ಷಿಣ ಲುವಾಂಗ್ವಾದಲ್ಲಿ ಮಳೆ ಏಪ್ರಿಲ್‌ಗೇ ನಿಲ್ಲುತ್ತದಾದರೂ ಒಳದಾರಿಗಳು ಒಣಗಲು ಮೇ ಬೇಕು. ಹಲವು ಒಳ ಶಿಬಿರಗಳು ತೆರೆಯುವುದೇ ಮೇ ಕೊನೆಗೆ ಅಥವಾ ಜೂನ್‌ನಲ್ಲಿ. ಸೆರೆಂಗೆಟಿ ಉದ್ಯಾನದಲ್ಲಾಗಲಿ ಮಾರಾ ಮೀಸಲಿನಲ್ಲಾಗಲಿ ಸಿಗದ ರಾತ್ರಿ ಸಫಾರಿ ಇಲ್ಲಿ ರಾತ್ರಿ 8ರವರೆಗೆ ಉಂಟು, ಚಿರತೆ ನೋಡಲು ಅದಕ್ಕಿಂತ ಒಳ್ಳೆಯ ಹೊತ್ತಿಲ್ಲ. ನಡಿಗೆ ಸಫಾರಿಗೂ ಹೆಸರಾದ ಜಾಗ; ಆದರೆ ಹುಲ್ಲು ಎತ್ತರ ಇರುವ ಮೇ ತಿಂಗಳಲ್ಲಿ ನಡಿಗೆಯ ದಾರಿ ಸೀಮಿತ. ಎರಡನೇ ಸಲ ಆಫ್ರಿಕಾಕ್ಕೆ ಹೋಗುವ ದೊಡ್ಡವರಿಗೆ ಇದನ್ನು ಮನಸಾರೆ ಹೇಳುತ್ತೇವೆ, ಮಕ್ಕಳ ಜೊತೆ ಮೊದಲ ಪ್ರವಾಸಕ್ಕೆ ಬೇಡ.

ಎಲ್ಲಿಗೇ ಹೋದರೂ ಗಾಡಿಯ ವಿಷಯದಲ್ಲಿ ರಾಜಿ ಬೇಡ. ನೈರೋಬಿಯಿಂದ ಅಗ್ಗಕ್ಕೆ ಸಿಗುವ ಸಫಾರಿ ವ್ಯಾನುಗಳಲ್ಲಿ ಹೆಚ್ಚಿನವಕ್ಕೆ ಎರಡೇ ಚಕ್ರದ ಎಳೆತ. ಒಣಗಾಲದಲ್ಲಿ ನಡೆಯುತ್ತದೆ, ಈಗಲ್ಲ. ಲ್ಯಾಂಡ್ ಕ್ರೂಸರ್ ಎಂದು ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಎರಡು ಸ್ಟೆಪ್ನಿ, ಎತ್ತರದ ಜಾಕ್, ಅದರಡಿ ಇಡಲು ಅಗಲ ಹಲಗೆ, ಎಳೆಯುವ ಪಟ್ಟಿ, ಸಲಿಕೆ, ರೇಡಿಯೊ ಇವೆಯೇ ಎಂದು ಮೊದಲ ದಿನವೇ ಕಣ್ಣಾರೆ ನೋಡಿ. ಹಲಗೆ ಇಲ್ಲದಿದ್ದರೆ ಜಾಕ್ ಗಾಡಿಯನ್ನು ಎತ್ತುವ ಬದಲು ತಾನೇ ಮಣ್ಣಿಗೆ ಇಳಿಯುತ್ತದೆ. ರಾತ್ರಿ ಮಳೆ ಸುರಿದಿದ್ದರೆ ಎರೆ ದಾರಿಗೆ ಎರಡು ಮೂರು ಗಂಟೆ ಬಿಸಿಲು ಬೀಳಲಿ. ಅಲ್ಲಿಯವರೆಗೆ ಗಟ್ಟಿ ರಸ್ತೆಯ ಪಕ್ಕದ ಪ್ರಾಣಿಗಳನ್ನೇ ನೋಡಿ. ಚಾಲಕ ಬೇಡ ಎಂದ ಹಳ್ಳಕ್ಕೆ ಒತ್ತಾಯ ಮಾಡಬೇಡಿ.

ಕೆನ್ಯಾದಿಂದ ಭಾರತಕ್ಕೆ ಮರಳುವಾಗ ಹಳದಿ ಜ್ವರದ ಲಸಿಕೆ ಪತ್ರ ಬೇಕೇ ಬೇಕು. ಇಲ್ಲದಿದ್ದರೆ ಆರು ದಿನಗಳವರೆಗೆ ಪ್ರತ್ಯೇಕವಾಸ. ಲಸಿಕೆ ಹಾಕಿಸಿ 10 ದಿನ ಕಳೆದ ಮೇಲಷ್ಟೇ ಪತ್ರಕ್ಕೆ ಮಾನ್ಯತೆ. ಮಳೆಯ ಕೊನೆ ಸೊಳ್ಳೆ ಹೆಚ್ಚಿರುವ ಕಾಲ, ಮಲೇರಿಯಾ ಮಾತ್ರೆಯ ಬಗ್ಗೆ ವೈದ್ಯರನ್ನು ಕೇಳಿ: ಡಾಕ್ಸಿಸೈಕ್ಲಿನ್ ಆದರೆ ಮರಳಿದ ಮೇಲೂ ನಾಲ್ಕು ವಾರ ನುಂಗಬೇಕು, ಅಟೊವಾಕ್ವೋನ್-ಪ್ರೊಗ್ವಾನಿಲ್ ಆದರೆ ಏಳು ದಿನ. ಕೆನ್ಯಾ, ತಾಂಜಾನಿಯಾ ಎರಡರಲ್ಲೂ ಪ್ಲಾಸ್ಟಿಕ್ ಕೈಚೀಲ ನಿಷೇಧ, ಚಕ್ಕುಲಿ ಕೋಡುಬಳೆಗೆ ಡಬ್ಬಿಯೇ ಸರಿ. ಸಣ್ಣ ವಿಮಾನದಲ್ಲಿ ಹಾರುವುದಿದ್ದರೆ ಸಾಮಾನ್ಯವಾಗಿ 15 ಕಿಲೊ ಮಿತಿ, ಅದೂ ಮೆತ್ತನೆಯ ಚೀಲದಲ್ಲಿ. ಗಟ್ಟಿ ಸೂಟ್‌ಕೇಸ್ ಅದರ ಹೊಟ್ಟೆಗೆ ಹಿಡಿಸುವುದಿಲ್ಲ.