ವಿಮಾನದ ತೊಟ್ಟಿಲು ಸೀಟು: ಎರಡು ಮಕ್ಕಳ ಜೊತೆ ಉಡುಪಿಯಿಂದ ಫ್ರಾಂಕ್‌ಫರ್ಟ್‌ಗೆ

ದೊಡ್ಡ ವಿಮಾನದಲ್ಲಿ ಎದುರಿನ ಗೋಡೆಗೆ ಸಿಕ್ಕಿಸಿ ಕೊಡ್ತಾರಲ್ಲ ಬ್ಯಾಸಿನೆಟ್, ನಮ್ಮ ಅತ್ತೆ ಬಾಯಲ್ಲಿ 'ವಿಮಾನದ ತೊಟ್ಟಿಲು', ಅದು ಹೇಗುಂಟು ಅಂತ ಸುಮಾರು ಜನ ಕೇಳಿದ್ರಿ. ಒಂದೇ ಸಲ ಪೂರ್ತಿ ಬರೀತೇನೆ, ಸ್ವಲ್ಪ ಉದ್ದ ಆಗ್ತದೆ.

ಹೊರಟದ್ದು ನಾನು, ಮೂರೂವರೆ ವರ್ಷದ ಮಗಳು, ಎಂಟು ತಿಂಗಳ ಮಗ, ದೊಡ್ಡವರು ಅಂತ ನಾನೊಬ್ಬಳೇ. ಗಂಡ ಮೊದ್ಲೇ ಜರ್ಮನಿಗೆ ಹೋಗಿ ಕೆಲಸಕ್ಕೆ ಸೇರಿದ್ರು. ಬಜಪೆಯಿಂದ (ಮಂಗಳೂರಿನ ಏರ್‌ಪೋರ್ಟ್) ಬೆಂಗಳೂರು, ಅಲ್ಲಿಂದ ನಡುರಾತ್ರಿ ಕಳೆದು ಹೊರಡುವ ಫ್ಲೈಟು, ಅದ್ರಲ್ಲೇ ಹೆಚ್ಚುಕಡಿಮೆ ಹತ್ತು ಗಂಟೆ ಕೂತ್ಕೊಳ್ಬೇಕು. ಏರ್‌ಲೈನ್ ಹೆಸರು ಬರೆಯುದಿಲ್ಲ, ಈ ತೊಟ್ಟಿಲು ಎಲ್ಲ ದೊಡ್ಡ ವಿಮಾನದಲ್ಲೂ ಸುಮಾರಾಗಿ ಒಂದೇ ಥರ. ಬಜಪೆಯಿಂದ ನೇರ ದುಬೈ, ಅಬುಧಾಬಿ ಹೋಗುವ ಸಣ್ಣ ವಿಮಾನಗಳಲ್ಲಿ ಸಾಮಾನ್ಯವಾಗಿ ಇದು ಇರುದಿಲ್ಲ, ಗಲ್ಫಿಗೆ ಹೋಗುವವ್ರು ಇದನ್ನು ನಂಬಿ ಹೊರಡ್ಬೇಡಿ.

ಮೊದ್ಲು ಬುಕ್ಕಿಂಗ್ ವಿಷಯ. ವೆಬ್‌ಸೈಟಲ್ಲಿ ಆಗ್ಲಿಲ್ಲ, ಫೋನ್ ಮಾಡಿ ಕೇಳ್ಬೇಕಾಯ್ತು. ಮಗುವಿನ ತೂಕ ಎಷ್ಟು, ಉದ್ದ ಎಷ್ಟು ಅಂತ ಕೇಳಿದ್ರು, ನಮ್ಮದ್ರಲ್ಲಿ 11 ಕೆಜಿ ಮೇಲಾದ್ರೆ ಕೊಡುದಿಲ್ಲ, ಬೇರೆ ಏರ್‌ಲೈನಲ್ಲಿ ಲೆಕ್ಕ ಬೇರೆ ಇರ್ತದೆ. ಆಯ್ತು ಮೇಡಂ ಬುಕ್ ಆಗಿದೆ ಅಂದವ್ರ ಮಾತು ನಂಬಿ ಬೆಂಗಳೂರಿನ ಕೌಂಟರಿಗೆ ಹೋದ್ರೆ ಅಲ್ಲಿ 'ರಿಕ್ವೆಸ್ಟ್ ಮಾತ್ರ ಉಂಟು, ಕನ್ಫರ್ಮ್ ಆಗಿಲ್ಲ' ಅಂತ, ಆ ಸೀಟನ್ನು ಮಕ್ಕಳೇ ಇಲ್ಲದವ್ರಿಗೆ ಕೊಟ್ಟಾಗಿತ್ತು. ಕಂಕುಳಲ್ಲಿ ಒಂದು, ಕೈಯಲ್ಲಿ ಒಂದು ಮಗು ಹಿಡ್ಕೊಂಡು 20 ನಿಮಿಷ ನಿಂತೆ ಮಾರಾಯ್ರೆ, ಕಣ್ಣಲ್ಲಿ ನೀರೇ ಬಂತು. ಪುಣ್ಯಕ್ಕೆ ಫೋನ್ ಮಾಡಿದ ದಿನ ಹಟ ಹಿಡಿದು ಒಂದು ಇಮೇಲ್ ತರಿಸ್ಕೊಂಡಿದ್ದೆ, ಅದನ್ನು ತೋರಿಸಿದ ಮೇಲೆ ಸೀಟು ಬದಲಾಯಿಸಿ ಕೊಟ್ರು. ನೀವೂ ಬಾಯಿಮಾತಿಗೆ ಬಿಡ್ಬೇಡಿ, ಬರಹದಲ್ಲಿ ತಗೊಳ್ಳಿ. ಇನ್ನೊಂದು, ನಾವು ಬೆಂಗಳೂರಿನವರೆಗೆ ಒಂದು, ಅಲ್ಲಿಂದ ಮುಂದೆ ಇನ್ನೊಂದು ಅಂತ ಟಿಕೆಟ್ ಬೇರೆ ಬೇರೆ ತೆಗ್ದಿದ್ದೆವು, ಹಾಗಾಗಿ ಬೆಂಗಳೂರಲ್ಲಿ ಲಗೇಜ್ ಇಳಿಸ್ಕೊಂಡು ಪುನಃ ಕೊಡ್ಬೇಕಾಯ್ತು. ಚಿಕ್ಕ ಮಕ್ಕಳಿದ್ರೆ ಬಜಪೆಯಿಂದ್ಲೇ ಒಂದೇ ಟಿಕೆಟ್ ಮಾಡ್ಸಿ, ನಾಲ್ಕು ಕಾಸು ಹೆಚ್ಚಾದ್ರೂ ತೊಂದ್ರೆ ಇಲ್ಲ.

ಇನ್ನು ತೊಟ್ಟಿಲು. ಹತ್ತಿದ ಕೂಡ್ಲೇ ಸಿಗುದಿಲ್ಲ, ವಿಮಾನ ಮೇಲೆ ಹೋಗಿ ಸೀಟ್ ಬೆಲ್ಟ್ ಲೈಟು ಆರಿದ ಮೇಲೆ ತಂದು ಸಿಕ್ಕಿಸ್ತಾರೆ. ಅಲ್ಲಿವರೆಗೆ ಮಗು ನಮ್ಮ ಮಡಿಲಲ್ಲೇ, ನಮ್ಮ ಬೆಲ್ಟಿಗೆ ಕೋದು ಹಾಕುವ ಒಂದು ಸಣ್ಣ ಬೆಲ್ಟ್ ಕೊಡ್ತಾರೆ. ನನ್ನ ಮಗ ಮನೆಯಲ್ಲಿ ಸೀರೆ ಜೋಲಿಯಲ್ಲಿ ಮಲಗುವವ, ತೂಗದಿದ್ರೆ ಕಣ್ಣು ಮುಚ್ಚುದಿಲ್ಲ, ಈ ತೊಟ್ಟಿಲು ತೂಗ್ಲಿಕ್ಕೆ ಬರುದಿಲ್ಲ, ಅದೇ ನಂಗೆ ದೊಡ್ಡ ಹೆದ್ರಿಕೆ ಇದ್ದದ್ದು. ಅತ್ತೆ ಆ ಜೋಲಿ ಸೀರೆಯನ್ನೇ ಒಗೆಯದೆ ಮಡಚಿ ನನ್ನ ಬ್ಯಾಗಲ್ಲಿ ಇಟ್ಟಿದ್ರು. ಅದನ್ನು ಹಾಸಿ ಬೆನ್ನು ತಟ್ಟಿದೆ, ಇಂಜಿನಿನ ಗುಂಯ್ ಅನ್ನುವ ಸದ್ದೂ ಇತ್ತಲ್ಲ, ಹತ್ತೇ ನಿಮಿಷದಲ್ಲಿ ಮಲಗಿದ. ಅತ್ತೆಗೆ ಆ ಬುದ್ಧಿ ಹೇಗೆ ಹೊಳೆಯಿತೋ, ಈಗ್ಲೂ ನೆನೆಸ್ತೇನೆ.

ಆದ್ರೆ ಮಗು ರಾತ್ರಿಯಿಡೀ ಮಲಗ್ತದೆ ಅಂತ ಲೆಕ್ಕ ಹಾಕ್ಬೇಡಿ. ವಿಮಾನ ಸ್ವಲ್ಪ ಅಲ್ಲಾಡಿ ಬೆಲ್ಟ್ ಲೈಟು ಬಂದ್ರೆ ಮಗುವನ್ನು ಎತ್ಕೊಳ್ಳಲೇಬೇಕು, ಅದು ಮಗುವಿನ ಒಳ್ಳೇದಕ್ಕೇ, ಅದ್ರಲ್ಲಿ ನನ್ನ ತಕರಾರಿಲ್ಲ. ನಂಗೆ ನಾಲ್ಕು ಸಲ ಹಾಗಾಯ್ತು. ಒಟ್ಟು ಸೇರಿಸಿದ್ರೆ ತೊಟ್ಟಿಲಲ್ಲಿ ಮಲಗಿದ್ದು ಮೂರೂವರೆ ಗಂಟೆ ಅಷ್ಟೆ, ಉಳಿದದ್ದು ನನ್ನ ಮೇಲೆಯೇ. ಅಷ್ಟಾದ್ರೂ ನಾನು ಇದನ್ನು ತಗೊಳ್ಳಿ ಅಂತಲೇ ಹೇಳುದು, ಯಾಕಂದ್ರೆ ಇದ್ರ ನಿಜವಾದ ಉಪಯೋಗ ಮಗುವಿನ ನಿದ್ದೆಯಲ್ಲಿ ಇಲ್ಲ, ನಮ್ಮ ಎರಡು ಕೈ ಖಾಲಿ ಆಗುದ್ರಲ್ಲಿ ಉಂಟು. ಮಗಳಿಗೆ ಊಟ ಮಾಡಿಸಿದೆ, ಏರ್ ಹೋಸ್ಟೆಸ್ ಹತ್ರ ಎರಡು ನಿಮಿಷ ನೋಡ್ಕೊಳ್ಳಿ ಅಂತ ಹೇಳಿ ಅವ್ಳನ್ನು ಬಾತ್‌ರೂಮಿಗೆ ಕರ್ಕೊಂಡು ಹೋದೆ, ನಾನೂ ಬಿಸಿ ಬಿಸಿ ಚಾ ಕುಡಿದೆ. ಎದುರು ಸೀಟಿಲ್ಲದ ಕಾರಣ ಕಾಲು ಚಾಚುವಷ್ಟು ಜಾಗ, ಲೈಟು ಆರಿದಾಗ ಮಗಳು ಅಲ್ಲೇ ನಿಂತು ಆಡಿದಳು.

ಆ ಸಾಲಿನ ತೊಂದ್ರೆಯನ್ನೂ ಹೇಳ್ಬೇಕು. ಎದುರು ಸೀಟಿಲ್ಲ ಅಂದ್ರೆ ಬ್ಯಾಗ್ ಇಡ್ಲಿಕ್ಕೆ ಕೆಳಗೆ ಜಾಗವೂ ಇಲ್ಲ, ಏರುವಾಗ ಇಳಿಯುವಾಗ ಎಲ್ಲವೂ ಮೇಲಿನ ಡಬ್ಬಕ್ಕೇ ಹೋಗ್ಬೇಕು. ಡೈಪರ್ ಮೇಲೆ, ಒದ್ದೆಯಾದ ಮಗು ಕೆಳಗೆ. ಹಾಗಾಗಿ ಒಂದು ಡೈಪರ್, ಒಂದು ಜೊತೆ ಬಟ್ಟೆ, ಒಂದು ಬಾಟಲಿ ಇಷ್ಟನ್ನು ಸಣ್ಣ ಕವರಲ್ಲಿ ಹಾಕಿ ಮೈಮೇಲೇ ಇಟ್ಕೊಳ್ಳಿ. ಊಟದ ಟ್ರೇ ಕೈ ಇಡುವ ಹಿಡಿಯೊಳಗೇ ಇರುದ್ರಿಂದ ಆ ಹಿಡಿ ಮೇಲೆ ಎತ್ಲಿಕ್ಕೆ ಬರುದಿಲ್ಲ, ಮಗಳನ್ನು ಎರಡು ಸೀಟಿಗೆ ಅಡ್ಡ ಮಲಗಿಸುವ ಅಂತ ಅಂದಾಜು ಮಾಡಿದ್ದೆ, ಅದು ಆಗ್ಲಿಲ್ಲ, ಪಾಪ ಅವ್ಳು ಕೂತಲ್ಲೇ ಕುತ್ತಿಗೆ ವಾಲಿಸಿ ಮಲಗಿದ್ದು. ಬಾತ್‌ರೂಮು ಹತ್ರವೇ ಇತ್ತು, ಬಾಗಿಲು ತೆಗೆದಾಗೆಲ್ಲ ಬೆಳಕು ನೇರ ತೊಟ್ಟಿಲಿಗೇ.

ಕಿವಿ ವಿಷಯ ಎಲ್ರೂ ಕೇಳ್ತಾರೆ. ನಾನು ಬಜಪೆಯಲ್ಲೇ ತಪ್ಪು ಮಾಡಿದೆ, ಏರುವಾಗ್ಲೇ ಹೊಟ್ಟೆ ತುಂಬ ಹಾಲು ಕೊಟ್ಟೆ, ಬೆಂಗಳೂರಲ್ಲಿ ಇಳಿಯುವಾಗ ಅವ್ನಿಗೆ ಬೇಡ. ಕಿವಿಗೆ ಹೆಚ್ಚು ಕಷ್ಟ ಆಗುದು ಇಳಿಯುವಾಗ್ಲೇ, ನುಂಗಿದ್ರೆ ಕಿವಿಯೊಳಗಿನ ನಾಳ ತೆರೆದು ಒತ್ತಡ ಸರಿಯಾಗ್ತದೆ. ಅವ್ನು ಕೂಗಿದ ಕೂಗು ಯಾವ ತಾಯಿಗೂ ಬೇಡ. ಫ್ರಾಂಕ್‌ಫರ್ಟಲ್ಲಿ ಇಳಿಯಲಿಕ್ಕೆ ಅರ್ಧ ಗಂಟೆ ಇರುವಾಗ ಎಬ್ಬಿಸಿ ಹಾಲು ಶುರು ಮಾಡಿದೆ, ನಿದ್ದೆಯಲ್ಲಿ ನುಂಗುದು ಕಡಿಮೆ ಅಲ್ವಾ, ಹಾಗಾಗಿ. ಒಂದು ಸದ್ದಿಲ್ಲ. ಮಗಳಿಗೆ ನೀರು ಗುಟುಕು ಗುಟುಕಾಗಿ ಕೊಟ್ಟೆ. ಶೀತದ ಸಿರಪ್ ಕೊಟ್ಟು ಮಲಗಿಸಿ ಅಂತ ಬಂಧುಗಳು ಹೇಳಿದ್ರು, ಮಕ್ಕಳ ಡಾಕ್ಟ್ರು ಖಡಾಖಂಡಿತ ಬೇಡ ಅಂದ್ರು, ಕೆಲವು ಮಕ್ಕಳಿಗೆ ಅದು ಉಲ್ಟಾ ಹೊಡೆದು ನಿದ್ದೆಯೇ ಬರುದಿಲ್ಲವಂತೆ. ದಯವಿಟ್ಟು ಯಾರೂ ಕೊಡ್ಬೇಡಿ.

ತಿನ್ಲಿಕ್ಕೆ ರಾಗಿ ಮಣ್ಣಿ ಮನೆಯಿಂದ್ಲೇ, ಫ್ಲಾಸ್ಕಲ್ಲಿ ಬಿಸಿನೀರು. ಬೇರೆ ದ್ರವಕ್ಕೆಲ್ಲ 100 ಎಂಎಲ್ ಲೆಕ್ಕ ಇದ್ರೂ ಮಗುವಿನ ಊಟ, ಹಾಲಿಗೆ ವಿನಾಯಿತಿ ಉಂಟು, ಸೆಕ್ಯೂರಿಟಿಯಲ್ಲಿ ತೆರೆದು ತೋರಿಸಿದೆ, ಬಿಟ್ರು. ಮಗಳಿಗೆ ವಿಮಾನದ ಮಕ್ಕಳ ಊಟ ಹಿಡಿಸ್ಲಿಲ್ಲ, ಒಗ್ಗರಣೆ ಅವಲಕ್ಕಿ ಡಬ್ಬಿ ಖಾಲಿ ಮಾಡಿದಳು.

ಐದಕ್ಕೆ ಎಷ್ಟು ಅಂದ್ರೆ ತೊಟ್ಟಿಲಿಗೆ ಮೂರೂವರೆ, ಕೌಂಟರಿನವ್ರಿಗೆ ಒಂದೂವರೆ, ಏರ್ ಹೋಸ್ಟೆಸ್‌ಗಳಿಗೆ ಐದಕ್ಕೆ ಐದು. ಮೂರು ತಿಂಗಳಿಂದ ಎಂಟು ತಿಂಗಳವರೆಗೆ ಇದು ಸರಿ, ನನ್ನ ಮಗನ ಕಾಲು ಆಗ್ಲೇ ತುದಿಗೆ ತಾಗ್ತಿತ್ತು. ಎದ್ದು ನಿಲ್ಲುವ ಮಗು ಆದ್ರೆ ಇದ್ರಲ್ಲಿ ಕೂರುದಿಲ್ಲ, ಅದಕ್ಕಿಂತ ಬೇರೆ ಸೀಟೇ ಒಳ್ಳೇದು. 2 ವರ್ಷ ತುಂಬುವವರೆಗೆ ಮಡಿಲಲ್ಲಿ ಕೂರಿಸಿದ್ರೆ ವಿದೇಶದ ಟಿಕೆಟಲ್ಲಿ ಸಾಮಾನ್ಯವಾಗಿ ದೊಡ್ಡವ್ರ ದರದ ಶೇಕಡ 10ರ ಹತ್ರ, ತುಂಬಿದ ಮೇಲೆ ಸೀಟು ತೆಗೀಲೇಬೇಕು, ಮಧ್ಯದಲ್ಲಿ ಹುಟ್ಟಿದ ದಿನ ಬಂದ್ರೆ ವಾಪಸ್ ಬರುವಾಗಿನದ್ದಕ್ಕೆ ಸೀಟು ಬೇಕಾಗ್ತದೆ. ನಮ್ಗೆ ಬರುವ ಸಲ ಹಾಗೇ ಆಗುದು, ಊರಿಗೆ ಬರುವಾಗ ಅವ್ನಿಗೆ ಎರಡು ತುಂಬಿರುದಿಲ್ಲ, ಹೊರಡುವಾಗ ತುಂಬಿರ್ತದೆ. ಗಂಡನ ಹತ್ರ ಮಾತಾಡಿ ಆಯ್ತು, ಎರಡೂ ಕಡೆಗೆ ಅವ್ನಿಗೆ ಸೀಟೇ ತೆಗೆಯುದು, ಕಿಟಕಿ ಬದಿಯದ್ದು.